ಕೊನೆಯ ಸಾಲಿನ ಇನೊಯೆ

ಕಾರು ರೇಸಿನ ಫಲಿತಾಂಶದ ಪಟ್ಟಿಯನ್ನು ನಾನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಮೇಲೆ ಯಾರಿದ್ದಾರೆಂಬುದು ಹೇಗೂ ಊರಿಗೆಲ್ಲ ಗೊತ್ತಿರುತ್ತದೆ. ಷುಮಾಕರ್ ಗೆದ್ದ ಎಂದು ತಿಳಿಯಲು ಪೇಪರು ಬಿಡಿಸಬೇಕಾಗಿರಲಿಲ್ಲ. ಕತೆಗಳೆಲ್ಲ ಇರುವುದು ತಳದಲ್ಲಿ. ಒಬ್ಬನಿಗೆ ಗೇರ್‌ಬಾಕ್ಸ್ ಕೈಕೊಟ್ಟಿದೆ, ಒಬ್ಬನ ಇಂಜಿನ್ ಹೊಗೆ ಕಾರಿದೆ, ಇನ್ನೊಬ್ಬ ಮೊದಲ ಸುತ್ತಿನಲ್ಲೇ ಯಾರಿಗೋ ಗುದ್ದಿ ಮನೆದಾರಿ ಹಿಡಿದಿದ್ದಾನೆ. 1995ರ ಫಾರ್ಮುಲಾ ಒನ್ ಪಟ್ಟಿಗಳನ್ನು ಹೀಗೆ ತಲೆಕೆಳಗಾಗಿ ಓದಿದರೆ ಬೇಗ ಪರಿಚಯವಾಗುವ ಆಸಾಮಿ ತಾಕಿ ಇನೊಯೆ.

ಜಪಾನಿನಲ್ಲಿ ಆ ಹೊತ್ತಿಗೆ ರೇಸಿನ ಹುಚ್ಚು ಏರಿ ಕೂತಿತ್ತು. 1987ರಲ್ಲಿ ಸತೋರು ನಾಕಾಜಿಮಾ ಲೋಟಸ್ ತಂಡ ಸೇರಿದ. ಅದೇ ವರ್ಷ ಸುಜುಕಾದಲ್ಲಿ ಗ್ರ್ಯಾನ್ ಪ್ರಿ ಶುರುವಾಯಿತು. 1990ರಲ್ಲಿ ಅಲ್ಲೇ ಅಗುರಿ ಸುಜುಕಿ ಮೂರನೆಯವನಾಗಿ ಬಂದು, ಫಾರ್ಮುಲಾ ಒನ್ ಪೋಡಿಯಂ ಏರಿದ ಮೊದಲ ಜಪಾನೀಯನಾದ. ಕೋಬೆಯಲ್ಲಿ 1963ರಲ್ಲಿ ಹುಟ್ಟಿದ ಇನೊಯೆಗೂ ಆಸೆ ಹುಟ್ಟಿದ್ದರಲ್ಲಿ ತಪ್ಪೇನಿದೆ? ಆಸೆಯ ಜೊತೆಗೆ ಆತನ ಹಿಂದೆ ಪ್ರಾಯೋಜಕರ ದುಡ್ಡೂ ಇತ್ತು. ಚಿಕ್ಕ ತಂಡಗಳು ಇಂಜಿನ್ನಿಗೂ ಟೈರಿಗೂ ಕಾಸಿಲ್ಲದೆ ಒದ್ದಾಡುತ್ತಿದ್ದ ಕಾಲ ಅದು. ಹಣ ತಂದವನಿಗೆ ಸೀಟು. ಇಂಥವರಿಗೆ ‘ಪೇ ಡ್ರೈವರ್’ ಎಂದು ಹೆಸರು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವರನ್ನು ಮಿಕ್ಕ ಪ್ರಯಾಣಿಕರು ನೋಡುವ ನೋಟವಿದೆಯಲ್ಲ, ಪೇ ಡ್ರೈವರುಗಳನ್ನು ರೇಸಿನವರು ನೋಡುವುದೂ ಹಾಗೆಯೇ.

ಮೊದಲ ರೇಸು 1994ರ ಸುಜುಕಾ, ಸಿಮ್‌ಟೆಕ್ ಎಂಬ ಬಡ ತಂಡದ ಕಾರಿನಲ್ಲಿ. ಜಡಿಮಳೆ. ಮೂರನೇ ಸುತ್ತಿನಲ್ಲಿ, ತಿರುವೇ ಇಲ್ಲದ ನೆಟ್ಟಗಿನ ರಸ್ತೆಯಲ್ಲಿ, ಕಾರು ಜಾರಿ ಗೋಡೆಗೆ ಬಡಿಯಿತು. ಅಲ್ಲಿಗೆ ಆ ವರ್ಷ ಮುಗಿಯಿತು.

ಮುಂದಿನ ವರ್ಷ ಫುಟ್‌ವರ್ಕ್ ತಂಡ. ಅಲ್ಲಿ ಜೊತೆಗಾರ ಇಟಲಿಯ ಜಾನ್ನಿ ಮೊರ್ಬಿದೆಲ್ಲಿ, ನಿಜಕ್ಕೂ ಒಳ್ಳೆಯ ಡ್ರೈವರು. ಆದರೆ ಸೀಸನ್ನಿನ ನಡುವೆ ಹಣ ಸಾಲದೆ ಬಂದಾಗ ತಂಡ ಕೆಳಗಿಳಿಸಿದ್ದು ಅವನನ್ನು. ಇನೊಯೆ ಹಾಗೇ ಕೂತಿದ್ದ. ಕೆಲವು ರೇಸ್ ಹೊರಗಿದ್ದು ಮರಳಿದ ಮೊರ್ಬಿದೆಲ್ಲಿ ಕೊನೆಯ ರೇಸಿನಲ್ಲಿ, ಅಡಿಲೇಡ್‌ನಲ್ಲಿ, ಅದೇ ಕಾರನ್ನು ಮೂರನೇ ಸ್ಥಾನಕ್ಕೆ ತಂದ. ಕಾರು ಸರಿಯಿಲ್ಲ ಎನ್ನುವ ನೆಪವೂ ಇನೊಯೆಗೆ ಉಳಿಯಲಿಲ್ಲ.

ಇಷ್ಟೇ ಆಗಿದ್ದರೆ ಆತನನ್ನು ಯಾರೂ ನೆನಪಿಡುತ್ತಿರಲಿಲ್ಲ. ಹೆಸರು ಉಳಿಸಿದ್ದು ಮೊನಾಕೊ. ಅಭ್ಯಾಸ ಮುಗಿದಿತ್ತು, ಕೆಟ್ಟು ನಿಂತ ಇನೊಯೆಯ ಕಾರನ್ನು ಹಗ್ಗ ಕಟ್ಟಿ ಎಳೆದು ತರುತ್ತಿದ್ದರು. ಒಳಗೆ ಇನೊಯೆ, ಮದುವಣಿಗನ ಗತ್ತಿನಲ್ಲಿ. ಅಷ್ಟರಲ್ಲಿ ಹಿಂದಿನಿಂದ ಭರ್ರೆಂದು ಬಂದ ಒಂದು ರೆನೋ ಕ್ಲಿಯೋ ಗುದ್ದಿತು ನೋಡಿ, ರೇಸ್ ಕಾರು ಮಗುಚಿ ಬಿತ್ತು. ತಲೆಗೆ ಹೆಲ್ಮೆಟ್ ಇದ್ದದ್ದು ಪುಣ್ಯ. ಆ ಕ್ಲಿಯೋ ಯಾವುದೆಂದರೆ, ಅಪಾಯ ಕಂಡಾಗ ಎಲ್ಲರ ವೇಗ ತಗ್ಗಿಸಿ ಕಾಪಾಡಬೇಕಾದ ಸೇಫ್ಟಿ ಕಾರು! ಓಡಿಸುತ್ತಿದ್ದವನೂ ಸಾಮಾನ್ಯನೇನಲ್ಲ: 1981ರ ಮಾಂಟೆ ಕಾರ್ಲೊ ರ್‍ಯಾಲಿ ಗೆದ್ದ ಝಾನ್ ರಾನ್ಯೊಟಿ. ಅಂದರೆ ಗುದ್ದಿಸಿಕೊಳ್ಳುವುದರಲ್ಲಾದರೂ ಇನೊಯೆ ಮೇಲ್ದರ್ಜೆಯನ್ನು ಬಿಟ್ಟುಕೊಡಲಿಲ್ಲ. ಮರುದಿನ ಕೊನೆಯ ಸಾಲಿನಿಂದ ರೇಸಿಗೂ ಇಳಿದ. ಆ ಸಲ ಗೇರ್‌ಬಾಕ್ಸ್.

ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ. ಆಗಸ್ಟಿನಲ್ಲಿ ಹಂಗೇರಿ. ಇಂಜಿನ್ ಹೊಗೆ ಬಿಟ್ಟು ಕಾರು ಬದಿಗೆ ನಿಂತಿತು. ಬೇರೆ ಡ್ರೈವರಾಗಿದ್ದರೆ ಕೈಗವಸು ಬಿಚ್ಚಿ ಬಿಸಾಕಿ, ಮೂತಿ ಉಬ್ಬಿಸಿಕೊಂಡು ಪಿಟ್ ಕಡೆ ನಡೆದುಬಿಡುತ್ತಿದ್ದ. ಈ ಪುಣ್ಯಾತ್ಮ, ತಂಡದ ಕಾರಲ್ಲವೇ, ಉಳಿಯಲಿ ಎಂದು ಓಡಿ ಬೆಂಕಿ ಆರಿಸುವ ಸಿಲಿಂಡರ್ ಎತ್ತಿಕೊಂಡ. ಅದೇ ಗಳಿಗೆಗೆ ನೆರವಿಗೆಂದು ಧಾವಿಸಿದ ಟಾಟ್ರಾ ಕಾರು ಇವನ ಕಾಲಿಗೇ ಹೊಡೆಯಿತು. ಬಾನೆಟ್ ಮೇಲೆ ಉರುಳಿ, ಎದ್ದು ನಿಂತು, ಮತ್ತೆ ಕುಸಿದ. ಆ ದೃಶ್ಯದ ವಿಡಿಯೋ ನೋಡಿದಾಗೆಲ್ಲ ನನಗೆ ಮೊದಲು ನಗು ಬರುತ್ತದೆ, ಆಮೇಲೆ ಸ್ವಲ್ಪ ನಾಚಿಕೆ. ಬಹುಮಾನ ಕೊಟ್ಟವರಿಲ್ಲದಿದ್ದರೂ, ಸುಡುವ ಕಾರಿನ ಕಡೆಗೆ ಓಡಿದವನು ಅವನು. ಎರಡು ವಾರಕ್ಕೆ ಬೆಲ್ಜಿಯಂನಲ್ಲಿ ಮತ್ತೆ ಕಾರು ಹತ್ತಿ ಹನ್ನೆರಡನೆಯವನಾಗಿ ಮುಗಿಸಿದ.

ಅದಾದ ಮೇಲಿನ ರೇಸು ಇಟಲಿಯ ಮೋನ್ಝಾ. ಮುಂದಿನವರು ಇನೊಯೆಯನ್ನು ಒಂದು ಸುತ್ತು ಹಿಂದೆ ಹಾಕುವ ಭರದಲ್ಲಿದ್ದಾಗ ಡೇಮನ್ ಹಿಲ್ ಹೋಗಿ ಷುಮಾಕರ್‌ನ ಹಿಂಬದಿಗೆ ಗುದ್ದಿದ. ಚಾಂಪಿಯನ್‌ಶಿಪ್‌ಗೆ ಹೊಡೆದಾಡುತ್ತಿದ್ದ ಘಟಾನುಘಟಿಗಳಿಬ್ಬರೂ ಜಲ್ಲಿಕಲ್ಲಿನಲ್ಲಿ ಇಳಿದು ಜಗಳಕ್ಕೆ ನಿಂತರು. ನಡುವೆ ಸಿಕ್ಕಿದ್ದ ಇನೊಯೆ ತನ್ನ ಪಾಡಿಗೆ ತಾನು ಸಾಗಿ ಎಂಟನೆಯವನಾದ. ಅದೇ ಅವನ ಜೀವಮಾನದ ಅತ್ಯುತ್ತಮ ಸ್ಥಾನ.

1996ಕ್ಕೆ ಮಿನಾರ್ಡಿ ತಂಡದಲ್ಲಿ ಸೀಟು ಗೊತ್ತಾಗಿತ್ತು. ಪ್ರಾಯೋಜಕರು ಹಿಂದೆ ಸರಿದರು, ಸೀಟು ಹೋಯಿತು. ಅಲ್ಲಿ ಕೂತ ಜಾಂಕಾರ್ಲೊ ಫಿಸಿಕೆಲ್ಲಾ ಮುಂದೆ ಮೂರು ಗ್ರ್ಯಾನ್ ಪ್ರಿ ಗೆದ್ದ. ಇನೊಯೆ ಮಾತ್ರ ಟ್ವಿಟರಿಗೆ ಬಂದು, ತನಗಿಂತ ಕಳಪೆ ಡ್ರೈವರು ಯಾರಿದ್ದರು ಎಂಬ ಧಾಟಿಯಲ್ಲಿ ತನ್ನನ್ನು ತಾನೇ ಆಡಿಕೊಂಡು, ರೇಸ್ ಓಡಿಸುವಾಗ ಸಿಗದಷ್ಟು ಅಭಿಮಾನಿಗಳನ್ನು ಗಳಿಸಿದ. ಗೆದ್ದವರ ಆತ್ಮಕಥೆಗಳಲ್ಲಿ ಕಾಣದ ಒಂದು ನೆಮ್ಮದಿ ಆ ತಮಾಷೆಗಳಲ್ಲಿದೆ.

18 ಗ್ರ್ಯಾನ್ ಪ್ರಿಗಳಿಗೆ ಹೆಸರು ಕೊಟ್ಟ ಇನೊಯೆಯ ಖಾತೆಯಲ್ಲಿರುವ ಪಾಯಿಂಟ್ ಸೊನ್ನೆ. ಆದರೆ ಆಗ ಪಾಯಿಂಟ್ ಕೊಡುತ್ತಿದ್ದದ್ದು ಮೊದಲ ಆರು ಮಂದಿಗೆ ಮಾತ್ರ. 2010ರಿಂದ ಹತ್ತು ಮಂದಿಗೆ ಕೊಡುತ್ತಾರೆ. ಆ ಲೆಕ್ಕದಲ್ಲಿ ಮೋನ್ಝಾದ ಎಂಟನೇ ಸ್ಥಾನಕ್ಕೆ 4, ಕೆನಡಾದ ಒಂಬತ್ತನೇ ಸ್ಥಾನಕ್ಕೆ 2, ಒಟ್ಟು ಆರು. ಯಾರೂ ಕೇಳದಿದ್ದರೂ ನಾನು ಕೂಡಿಟ್ಟಿದ್ದೇನೆ.