ಇಂಕಾ ಇತಿಹಾಸಕ್ಕೆ ನನ್ನ ಕೊಡುಗೆ

ಪೆರು ದೇಶದ ಉರುಬಾಂಬಾ ಕಣಿವೆಯಲ್ಲಿ ನಾನು ಇದ್ದದ್ದು ಐದು ದಿನ. ಅದರಲ್ಲಿ ಒಂದು ದಿನ ತಲೆನೋವಿಗೆ ಹೋಯಿತು. ಉಳಿದ ನಾಲ್ಕು ದಿನದ ಬಲದ ಮೇಲೆ ಇಂಕಾ ನಾಗರಿಕತೆಯ ಕುರಿತು ಅಧಿಕಾರವಾಣಿಯಿಂದ ಮಾತಾಡಬಲ್ಲವನು ನಮ್ಮ ಬಡಾವಣೆಯಲ್ಲಿ ಸದ್ಯ ನಾನೊಬ್ಬನೇ. ನಾಲ್ಕನೇ ಅಡ್ಡರಸ್ತೆಯ ಡಾಕ್ಟರೂ ಹೋಗಿಬಂದಿದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಅವರದು ಮೂರು ದಿನದ ಪ್ಯಾಕೇಜು.

ಅರ್ಹತೆಯ ಪ್ರಶ್ನೆ ಬರಬಹುದು. ನಾನು 34 ವರ್ಷ ಬ್ಯಾಂಕಿನಲ್ಲಿದ್ದವನು, ಕೊನೆಯ 11 ವರ್ಷ ಸಾಲ ವಿಭಾಗದಲ್ಲಿ. ಚೆನ್ನಾಗಿದ್ದ ಖಾತೆ ಹೇಗೆ ಮುಳುಗಿತು ಎಂದು ಮುಳುಗಿದ ಮೇಲೆ ಟಿಪ್ಪಣಿ ಬರೆಯುವುದೇ ನನ್ನ ಕೆಲಸವಾಗಿತ್ತು. ಇತಿಹಾಸಕಾರರು ಮಾಡುವುದೂ ಇದನ್ನೇ. ಆದರೆ ಇಂಕಾಗಳ ಮೇಲೆ ಪುಸ್ತಕ ಬರೆದ ವಿದ್ವಾಂಸರಲ್ಲಿ ಸಾಲ ವಿಭಾಗದಲ್ಲಿ ಕೂತವರು ಯಾರೂ ಇದ್ದಂತಿಲ್ಲ. ಅವರ ಪುಸ್ತಕ ಅಷ್ಟು ದಪ್ಪವಾಗುವುದು ಅದಕ್ಕೇ.

ಮೊದಲು ಭೂಗೋಳ. ಇಂಕಾಗಳ ಊರಾದ ಮಾಚು ಪಿಚುಗೆ ಬೆಟ್ಟ ಹತ್ತಿ ಹೋಗಬೇಕು ಎಂಬುದು ಜನಸಾಮಾನ್ಯರ ನಂಬಿಕೆ. ವಾಸ್ತವದಲ್ಲಿ ಇಳಿದು ಹೋಗಬೇಕು. ವಿಮಾನ ನಮ್ಮನ್ನು ಇಳಿಸುವುದು ಕುಸ್ಕೋದಲ್ಲಿ, ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿ. ಮಾಚು ಪಿಚು ಇರುವುದು 2,430ರಲ್ಲಿ. ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಕೆಳಗಿಳಿದರೆ ಶಿಖರ ಸಿಗುತ್ತದೆ. ನಮ್ಮ ರಾಜ್ಯದ ನೆತ್ತಿ ಎನ್ನಿಸಿಕೊಂಡ ಮುಳ್ಳಯ್ಯನಗಿರಿಯೇ 1,930 ಮೀಟರ್. ಕುಸ್ಕೋ ವಿಮಾನ ನಿಲ್ದಾಣದಲ್ಲಿ ಲಗೇಜು ಬರುವ ತನಕ ನಮ್ಮ 22 ಜನರ ಗುಂಪು ಒಂದೂ ಮಾತಾಡದೆ ನಿಂತಿತ್ತು ಎಂದರೆ ಗಾಳಿ ಎಷ್ಟು ತೆಳುವಾಗಿತ್ತೆಂದು ಊಹಿಸಿಕೊಳ್ಳಿ. ಎತ್ತರದಲ್ಲಿ ಬರುವ ಈ ಕಾಯಿಲೆಗೆ ಅಲ್ಲಿ ‘ಸೊರೋಚೆ’ ಎನ್ನುತ್ತಾರೆ. ಮದ್ದಾಗಿ ಹೋಟೆಲಿನ ಬಾಗಿಲಲ್ಲೇ ಕೋಕಾ ಎಲೆಯ ಕಷಾಯ ಇಟ್ಟಿರುತ್ತಾರೆ. ನಮ್ಮವರು ಯಾರೂ ಮುಟ್ಟಲಿಲ್ಲ. ಕೊಕೇನ್ ತೆಗೆಯುವುದು ಇದೇ ಎಲೆಯಿಂದ ಎಂದು ಗೈಡು ಹೇಳಿದ ಮೇಲೆ ಎಲ್ಲರೂ ಎರಡೆರಡು ಲೋಟ ಕುಡಿದರು. ಏನೂ ಆಗಲಿಲ್ಲವೆಂದು ಕೆಲವರು ಬೇಸರಪಟ್ಟುಕೊಂಡರು.

ಕಣಿವೆಯಲ್ಲಿ ನಾವು ಮೊದಲು ಇಳಿದ ಊರು ಪಿಸಾಕ್. ಅಲ್ಲಿಯ ಸಂತೆಯಲ್ಲಿ ಗೈಡು ಒಂದು ರಾಶಿ ತೋರಿಸಿ “ಪಾಪಾ” ಎಂದ. ಪಕ್ಕದಲ್ಲಿ ನೇರಳೆ ಬಣ್ಣದ ರಾಶಿ, ಅದಕ್ಕೂ “ಪಾಪಾ”. ಶುಂಠಿಯ ಹಾಗೆ ಗಂಟುಗಂಟಾಗಿದ್ದ ಇನ್ನೊಂದನ್ನು ಕೈಯಲ್ಲೆತ್ತಿ ಮತ್ತೆ “ಪಾಪಾ”.

“ಏನ್ರೀ, ಈ ಹುಡುಗ ಎಲ್ಲದಕ್ಕೂ ಪಾಪ ಪಾಪ ಅಂತಿದ್ದಾನೆ. ಮನೇಲೇನಾದ್ರೂ ತೊಂದ್ರೆನಾ ಕೇಳಿ,” ಎಂದರು ನಮ್ಮ ಮನೆಯವರು.

ಇಂಕಾಗಳ ಕೆಚುವಾ ಭಾಷೆಯಲ್ಲಿ ಪಾಪಾ ಎಂದರೆ ಆಲೂಗಡ್ಡೆ. ಆ ಬೆಟ್ಟಸೀಮೆಯಲ್ಲಿ ಅದರ ತಳಿಗಳು ಸಾವಿರಗಟ್ಟಲೆ. ರಾತ್ರಿಯ ಹಿಮಕ್ಕೆ ಬಿಟ್ಟು, ಹಗಲು ಕಾಲಲ್ಲಿ ತುಳಿದು ನೀರು ಹಿಂಡಿ, ಬಿಸಿಲಲ್ಲಿ ಒಣಗಿಸಿದರೆ ‘ಚುನ್ಯೊ’ ಆಗುತ್ತದೆ, ವರ್ಷಗಟ್ಟಲೆ ಕೆಡುವುದಿಲ್ಲ. ಇಂಕಾ ಸೈನ್ಯ ನಡೆದದ್ದು ಇದರ ಮೇಲೆ. ಸಂಡಿಗೆಯ ಮೇಲೆ ಸಾಮ್ರಾಜ್ಯ ಕಟ್ಟಬಹುದು ಎಂದು ನಮ್ಮ ಅಜ್ಜಿಯಂದಿರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಇಲ್ಲಿಯೇ ನನ್ನ ಭಾಷಾವೈಜ್ಞಾನಿಕ ಸಿದ್ಧಾಂತ ಹುಟ್ಟಿತು. ಕೆಚುವಾದಲ್ಲಿ ಪದದ ಬಾಲಕ್ಕೆ ಪ್ರತ್ಯಯದ ಮೇಲೆ ಪ್ರತ್ಯಯ ಅಂಟುತ್ತದೆ, ಕನ್ನಡದಲ್ಲೂ ಅಷ್ಟೇ. ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ, ಇಲ್ಲೂ ಹಾಗೇ. ಮನೆಗೆ ಅವರು ‘ವಾಸಿ’ ಎನ್ನುತ್ತಾರೆ, ಮನೆಯಲ್ಲಿರುವವನಿಗೆ ನಾವು ‘ನಿವಾಸಿ’ ಎನ್ನುತ್ತೇವೆ. ತಾಯಿಗೆ ಅವರಲ್ಲಿ ‘ಮಾಮಾ’. ಇಲ್ಲಿ ಕೊಂಚ ಲಿಂಗವ್ಯತ್ಯಾಸ ಕಂಡರೂ ಕುಟುಂಬ ಬಿಟ್ಟು ಹೊರಗೆ ಹೋಗಿಲ್ಲ. ಎರಡೂ ಒಂದೇ ತಾಯಿಯ ಮಕ್ಕಳೆಂದು ಅಂದೇ ರಾತ್ರಿ ವಾಟ್ಸಾಪಿನಲ್ಲಿ ಪ್ರಕಟಿಸಿದೆ. ಜಪಾನಿ, ಟರ್ಕಿ ಭಾಷೆಗಳ ಕಟ್ಟಡವೂ ಹೀಗೇ ಇದೆ ಎಂದು ಅಮೆರಿಕದಿಂದ ಅಳಿಯಂದಿರು ಉತ್ತರ ಹಾಕಿದರು. ಆ ದೇಶಗಳಿಗೆ ಇನ್ನೂ ಟೂರ್ ಹೋಗಿಲ್ಲವಾದ್ದರಿಂದ ಅಭಿಪ್ರಾಯ ಕಾಯ್ದಿರಿಸಿದ್ದೇನೆ.

ಊಟದ ವಿಷಯ. ಪರದೇಶದಲ್ಲಿ ಬಾಯಿ ಕೆಡಬಾರದೆಂದು ನಾವು ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಟೊಮೇಟೊ ತೊಕ್ಕು, ಕಡಲೆಕಾಯಿ ಚಿಕ್ಕಿ ಒಯ್ದಿದ್ದೆವು. ಮೆಣಸಿನಕಾಯಿ, ಟೊಮೇಟೊ, ಕಡಲೆಕಾಯಿ ಎಲ್ಲದರ ಮೂಲ ದಕ್ಷಿಣ ಅಮೆರಿಕ. ಪೋರ್ಚುಗೀಸರ ಕಾಲದಲ್ಲಿ ಹಡಗು ಹತ್ತಿ ಬಂದದ್ದನ್ನು ನಾವು ತಲಾ 23 ಕಿಲೋ ಮಿತಿಯೊಳಗೆ ತವರಿಗೆ ತಲುಪಿಸಿದಂತಾಯಿತು. ಪೆರುವಿನವರಿಗೆ ಖಾರ ಗೊತ್ತಿಲ್ಲ ಎಂದು ಗುಂಪು ಸರ್ವಾನುಮತದಿಂದ ತೀರ್ಮಾನಿಸಿತ್ತು. ನಮ್ಮೊಡನಿದ್ದ ನಿವೃತ್ತ ಇಂಜಿನಿಯರ್ ರಾಯರು ‘ರೊಕೋಟೊ’ ಎಂಬ ಕಾಯಿಯನ್ನು ದೊಣ್ಣೆಮೆಣಸಿನಕಾಯಿ ಎಂದು ತಿಳಿದು ಕಚ್ಚಿದ ಮೇಲೆ ಆ ತೀರ್ಮಾನವನ್ನು ನಡಾವಳಿಯಿಂದ ತೆಗೆದುಹಾಕಲಾಯಿತು.

ಒಯಾಂಟಾಯ್‌ಟಾಂಬೊ ಎಂಬ ಊರಿಗೆ ಬಂದಾಗ ರಾಯರಿಗೆ ಮಾತು ಮರಳಿತು. ಅಲ್ಲಿ ಬೆಟ್ಟದ ಓರೆಯಲ್ಲಿ ಆಳೆತ್ತರ ಮೀರಿದ ಆರು ನಸುಗೆಂಪು ಚಪ್ಪಡಿಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಕಲ್ಲು ಕಡಿದದ್ದು ಹೊಳೆಯಾಚೆಯ ಬೆಟ್ಟದಲ್ಲಿ. ಅಂದರೆ ಅಲ್ಲಿಂದ ಇಳಿಸಿ, ಹೊಳೆ ದಾಟಿಸಿ, ಈಚೆ ಏರಿಸಿದ್ದಾರೆ. ಇಂಕಾಗಳಿಗೆ ಗಾಡಿಚಕ್ರ ಇರಲಿಲ್ಲ, ಕಬ್ಬಿಣ ಇರಲಿಲ್ಲ, ಎತ್ತು ಕುದುರೆಯೂ ಇಲ್ಲ. ಇದ್ದ ಲಾಮಾಗಳು ಹೆಚ್ಚು ಹೊರೆ ಹೊರಿಸಿದರೆ ಕೂತುಬಿಡುತ್ತಿದ್ದವು. ರಾಯರು ಜೇಬಿನಿಂದ ವಿಸಿಟಿಂಗ್ ಕಾರ್ಡು ತೆಗೆದು ಎರಡು ಕಲ್ಲಿನ ಸಂದಿಗೆ ತೂರಿಸಲು ನೋಡಿದರು. ಮೂಲೆ ಮಡಚಿಕೊಂಡಿತು. ಇನ್ನೊಂದು ಸಂದಿ ಹುಡುಕಿ ಪ್ರಯತ್ನಿಸಿದರು. ಅಲ್ಲೂ ಮಡಚಿಕೊಂಡಿತು. ನಿವೃತ್ತಿಯಾಗಿ ಒಂಬತ್ತು ವರ್ಷವಾದರೂ ಕಾರ್ಡಿನಲ್ಲಿ ‘ನಿವೃತ್ತ’ ಎಂಬ ಪದ ಬಹಳ ಸಣ್ಣದಾಗಿತ್ತು.

“ಸಿಮೆಂಟಿಲ್ಲ, ಕಬ್ಬಿಣ ಇಲ್ಲ, ಟೆಂಡರಿಲ್ಲ. ಇದು ಮನುಷ್ಯರ ಕೆಲಸ ಅಲ್ಲ ಮ್ಯಾನೇಜರೇ,” ಎಂದು ಆಕಾಶ ನೋಡಿದರು.

ಅನ್ಯಗ್ರಹದವರ ಈ ವಾದಕ್ಕೆ ಜಗತ್ತಿನಲ್ಲೆಲ್ಲ ಅನುಯಾಯಿಗಳಿದ್ದಾರೆ. ನಾನು ಒಪ್ಪಲಿಲ್ಲ, ಕಾರಣ ಅಲ್ಲೇ ಬಿದ್ದಿತ್ತು. ಕಲ್ಲುಗಣಿಯಿಂದ ಆ ಚಪ್ಪಡಿಗಳ ತನಕದ ದಾರಿಯಲ್ಲಿ ದೊಡ್ಡ ದೊಡ್ಡ ಬಂಡೆಗಳು ಅಲ್ಲಲ್ಲೇ ಉಳಿದುಬಿಟ್ಟಿವೆ. ಊರಿನವರು ಅವನ್ನು ‘ದಣಿದ ಕಲ್ಲುಗಳು’ ಎನ್ನುತ್ತಾರೆ. ಅರ್ಧ ದಾರಿಯಲ್ಲಿ ಸಾಮಾನು ಬಿಟ್ಟುಹೋಗಿದ್ದಾರೆ ಎಂದ ಮೇಲೆ ಅದು ಮನುಷ್ಯರದೇ ಕಾಮಗಾರಿ. ಇದನ್ನು ರಾಯರು ವೃತ್ತಿಪರವಾಗಿ ಒಪ್ಪಿಕೊಂಡರು. ಗಟ್ಟಿ ಗುಂಡುಕಲ್ಲಿನಿಂದ ಕುಟ್ಟಿ ಕುಟ್ಟಿ, ಕೂರಿಸಿ ನೋಡಿ, ಎತ್ತಿ ಮತ್ತೆ ಕುಟ್ಟಿ ಕೂಡಿಸುತ್ತಿದ್ದರಂತೆ. ಕೂಲಿ ಕೊಡಬೇಕಾಗಿರಲಿಲ್ಲ, ಆ ರಾಜ್ಯದಲ್ಲಿ ತೆರಿಗೆಯನ್ನು ದುಡ್ಡಿನಲ್ಲಲ್ಲ, ಮೈಮುರಿದು ತೀರಿಸಬೇಕಿತ್ತು. ಇದಕ್ಕೆ ‘ಮಿತಾ’ ಎಂದು ಹೆಸರು. ಅಮಿತವಾಗಿತ್ತು ಎಂದು ಕಲ್ಲು ನೋಡಿದರೇ ತಿಳಿಯುತ್ತದೆ.

“ನಮ್ಮ ಹಂಪೆ ಮುಂದೆ ಇದ್ಯಾವ ಲೆಕ್ಕ ಸ್ವಾಮಿ,” ಎಂಬ ಮಾತು ಈ ಹಂತದಲ್ಲಿ ಬಂತು. ವಿದೇಶದ ಯಾವುದೇ ಹಾಳೂರಿನಲ್ಲಿ ಕನ್ನಡಿಗರ ಗುಂಪು ಇಪ್ಪತ್ತು ನಿಮಿಷದೊಳಗೆ ಈ ಮಾತು ಆಡುತ್ತದೆ. ಅಂದವರು ಹಂಪೆ ನೋಡಿದ್ದು ಏಳನೇ ಕ್ಲಾಸಿನ ಪ್ರವಾಸದಲ್ಲಿ. ಕೃಷ್ಣದೇವರಾಯ ತೀರಿಕೊಂಡ 1529ಕ್ಕೆ ಮೂರೇ ವರ್ಷದ ಮೇಲೆ, 1532ರಲ್ಲಿ, ಇಂಕಾ ದೊರೆ ಆತಾಹುವಾಲ್ಪ ಸ್ಪೇನಿನ ಪಿಸಾರೊ ಕೈಗೆ ಸಿಕ್ಕಿಬಿದ್ದ ಎಂದು ನಾನು ತಿಳಿಸಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ, ಕೆಳಗೆ ಸ್ವೆಟರ್ ಅಂಗಡಿ ಕಂಡಿತ್ತು.

ಆದರೆ ಆತಾಹುವಾಲ್ಪನ ಪ್ರಕರಣಕ್ಕೆ ನನ್ನ ಪರಿಣತಿ ಬೇಕೇ ಬೇಕು. ಇಂಕಾಗಳಿಗೆ ಲಿಪಿ ಇರಲಿಲ್ಲ, ‘ಕಿಪು’ ಇತ್ತು. ಒಂದು ದಾರ, ಅದರಿಂದ ಇಳಿಬಿದ್ದ ನೂರಾರು ದಾರ, ಒಂದೊಂದರಲ್ಲೂ ಬಿಡಿ, ಹತ್ತು, ನೂರರ ಸ್ಥಾನ ನೋಡಿ ಹಾಕಿದ ಗಂಟು. ಉಗ್ರಾಣದ ದವಸ, ಜನಗಣತಿ ಎಲ್ಲ ಅದರಲ್ಲೇ. ಹಾಗೆ ನೋಡಿದರೆ ಖಾತೆಪುಸ್ತಕವನ್ನು ತಿದ್ದಬಹುದು, ಗಂಟನ್ನು ತಿದ್ದುವುದು ಕಷ್ಟ. ಸ್ಪೇನಿನವರಿಗೆ ಈ ಗಂಟು ಅರ್ಥವಾಗಲಿಲ್ಲ, ಇನ್ನೊಂದು ಗಂಟು ಬಹಳ ಬೇಗ ಅರ್ಥವಾಯಿತು. ಬಿಡುಗಡೆಗಾಗಿ ಆತಾಹುವಾಲ್ಪ 22 ಅಡಿ ಉದ್ದ, 17 ಅಡಿ ಅಗಲದ ಕೋಣೆಯನ್ನು ಒಮ್ಮೆ ಚಿನ್ನದಿಂದ, ಎರಡು ಸಲ ಬೆಳ್ಳಿಯಿಂದ ತುಂಬಿಸುವುದಾಗಿ ಒಪ್ಪಿದ. ಬ್ಯಾಂಕಿನ ಭಾಷೆಯಲ್ಲಿ ಇದು ಒನ್ ಟೈಮ್ ಸೆಟ್ಲ್‌ಮೆಂಟ್. ಕಂತು ಬಂತು. ಪಿಸಾರೊ ಕಡೆಯವರು ಅದನ್ನೆಲ್ಲ ಕರಗಿಸಿ ಗಟ್ಟಿ ಮಾಡಿ ಹಂಚಿಕೊಂಡು, 1533ರಲ್ಲಿ ಸಾಲಗಾರನನ್ನು ಕೊಂದರು. ನೋ ಡ್ಯೂ ಸರ್ಟಿಫಿಕೇಟ್ ಕೊಡಲು ನಾವೂ ಸತಾಯಿಸಿದ್ದುಂಟು. ಈ ಮಟ್ಟಕ್ಕೆ ಹೋಗಿರಲಿಲ್ಲ.

ಒಯಾಂಟಾಯ್‌ಟಾಂಬೊದಿಂದ ಮುಂದಕ್ಕೆ ಮಾಚು ಪಿಚುಗೆ ನೇರ ರಸ್ತೆಯಿಲ್ಲ. ಹೊಳೆಯ ಬದಿಯಲ್ಲೇ ರೈಲು, ಆಮೇಲೆ ಹಾವಿನಂತೆ ಸುತ್ತುವ ಬಸ್ಸು. ಹೊಳೆ ಎಡಕ್ಕಿದ್ದವರು ಬಲಕ್ಕೆ, ಬಲಕ್ಕಿದ್ದವರು ಎಡಕ್ಕೆ ಸೀಟು ಬದಲಾಯಿಸಿಕೊಳ್ಳುವಷ್ಟರಲ್ಲಿ ಊರು ಬಂತು.

ಮಾಚು ಪಿಚು ಚೆನ್ನಾಗಿದೆ. ವರ್ಣನೆ ಬೇಡ, ಫೋಟೋ ಎಲ್ಲರ ಹತ್ತಿರ ಇದೆ. ಫೋಟೋದಲ್ಲಿ ಕಾಣದ್ದನ್ನು ಹೇಳುತ್ತೇನೆ: ಆ ಕಟ್ಟಡಕೆಲಸದಲ್ಲಿ ದೊಡ್ಡ ಪಾಲು ನೆಲದಡಿ ಇದೆ. ಬುನಾದಿ, ಜಲ್ಲಿಯ ಪದರ, ಮಳೆನೀರು ಬಸಿದುಹೋಗುವ ಹಾದಿ. ಮೇಲಿನ ಬುಗ್ಗೆಯಿಂದ ಕಾಲುವೆಯಲ್ಲಿ ಬರುವ ನೀರು ಒಂದರ ಕೆಳಗೊಂದು 16 ತೊಟ್ಟಿಗಳಿಗೆ ಬೀಳುತ್ತದೆ. ಸ್ಪೇನಿನವರಿಗೆ ಈ ಊರು ಸಿಗಲೇ ಇಲ್ಲವಾದ್ದರಿಂದ ‘ಇಂತಿಹುವಾತಾನ’ ಎಂಬ ಪೂಜೆಯ ಕಲ್ಲು ಅವರ ಸುತ್ತಿಗೆಯಿಂದ ಪಾರಾಯಿತು. 2000ನೇ ಇಸವಿಯಲ್ಲಿ ಬಿಯರ್ ಜಾಹೀರಾತಿನ ಚಿತ್ರೀಕರಣಕ್ಕೆ ತಂದ ಕ್ರೇನು ಬಿದ್ದು ಅದರ ಒಂದು ಅಂಚು ಮುಕ್ಕಾಯಿತು.

ಕೊನೆಗೆ ನನ್ನ ಗುರುಗಳಿಗೆ ನಮಸ್ಕಾರ ಸಲ್ಲಿಸಬೇಕು. ಹಿರಮ್ ಬಿಂಗಮ್ ಎಂಬ ಅಮೆರಿಕದ ಮೇಷ್ಟ್ರು 1911ರ ಜುಲೈ 24ರಂದು ಮಾಚು ಪಿಚುವನ್ನು ‘ಕಂಡುಹಿಡಿದರು’. ಆಗ ಅಲ್ಲಿ ರೈತ ಸಂಸಾರಗಳು ಇಂಕಾ ಗದ್ದೆಮಡಿಗಳಲ್ಲೇ ಬೆಳೆ ತೆಗೆದುಕೊಂಡಿದ್ದವು; ಬಂದವರಿಗೆ ತಣ್ಣೀರು, ಬೇಯಿಸಿದ ಗೆಣಸು ಕೊಟ್ಟು ಉಪಚರಿಸಿದವು. ಒಂದು ಗೋಡೆಯ ಮೇಲೆ ಲಿಸಾರಾಗ ಎಂಬ ಸ್ಥಳೀಯ ರೈತ ತನ್ನ ಹೆಸರು, 1902 ಎಂಬ ಇಸವಿ ಬರೆದಿಟ್ಟಿದ್ದ. ಇದು ವಿಲ್ಕಬಾಂಬಾ, ಇಂಕಾಗಳ ಕೊನೆಯ ರಾಜಧಾನಿ, ಎಂದು ಬಿಂಗಮ್ ಸಾಯುವವರೆಗೂ ನಂಬಿದ್ದರು. ನಿಜವಾದ ವಿಲ್ಕಬಾಂಬಾಕ್ಕೂ ಅದೇ ವರ್ಷ ಹೋಗಿದ್ದರು. ಕಾಡು ಬೆಳೆದಿತ್ತು, ಗುರುತು ಸಿಗದೆ ವಾಪಸಾದರು. ತಜ್ಞತೆ ಎಂದರೆ ಇದು. ಈಗ ಬಸ್ಸು ಹತ್ತುವ ರಸ್ತೆಗೆ ಅವರದೇ ಹೆಸರಿದೆ.

ಅಂದು ಬಿಂಗಮ್‌ರನ್ನು ಹೊಳೆ ದಾಟಿಸಿ ಮೇಲಕ್ಕೆ ಕರೆತಂದ ರೈತ ಮೆಲ್ಚೋರ್ ಆರ್ತಿಯಾಗನಿಗೆ ಸಿಕ್ಕಿದ್ದು ಒಂದು ಸೋಲ್. ಸೋಲ್ ಎಂದರೆ ಅಲ್ಲಿಯ ನಾಣ್ಯ. ಇಂಕಾಗಳು ಬುಗ್ಗೆಯ ನೀರಿಗೆ 16 ತೊಟ್ಟಿ ಕಟ್ಟಿದ ಆ ಊರಿನೊಳಗೆ ಇಂದು ಶೌಚಾಲಯವಿಲ್ಲ. ಗೇಟಿನ ಹೊರಗೆ ಒಂದಿದೆ. ಅದಕ್ಕೆ ನಾನು ಕೊಟ್ಟದ್ದು ಎರಡು ಸೋಲ್.