ಲಾಲ್‌ಬಾಗ್ ಕುಟುಂಬಯಾತ್ರಾ ಮೀಮಾಂಸೆ

ಯಾವ ಶಾಸ್ತ್ರಗ್ರಂಥವೇ ಆಗಲಿ, ತೊಡಗುವ ಮುನ್ನ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳಬೇಕೆಂಬುದು ಹಿರಿಯರ ಕಟ್ಟುಪಾಡು: ವಿಷಯವೇನು, ಸಂಬಂಧವೇನು, ಅಧಿಕಾರಿ ಯಾರು, ಪ್ರಯೋಜನವೇನು. ನಮ್ಮ ವಿಷಯ, ಭಾನುವಾರ ಮನೆಮಂದಿಯೆಲ್ಲ ಸೇರಿ ಲಾಲ್‌ಬಾಗಿಗೆ ಹೋಗುವುದು. ಸಂಬಂಧ ಎರಡು ಬಗೆ: ಒಂದು ರಕ್ತಸಂಬಂಧ, ಇನ್ನೊಂದು ‘ಅವರನ್ನೂ ಕರೀದೇ ಇದ್ರೆ ಬೇಜಾರು ಮಾಡ್ಕೋತಾರೆ’ ಎಂಬ ಸಂಬಂಧ. ಎರಡನೆಯದೇ ಬಲವಾದದ್ದು. ಅಧಿಕಾರಿ ಎಂದರೆ ಯಾರ ಮನೆಯ ಅಟ್ಟದಲ್ಲಿ ದೊಡ್ಡ ಜಮಖಾನ ಇದೆಯೋ ಅವರು. ಇನ್ನು ಪ್ರಯೋಜನ. ವಿದ್ವಾಂಸರು ಕೈ ಕೈ ಮಿಲಾಯಿಸುವುದು ಇಲ್ಲೇ.

ಪೂರ್ವಪಕ್ಷದವರ ವಾದ ಹೀಗಿದೆ. ಲಾಲ್‌ಬಾಗ್ ಸಸ್ಯೋದ್ಯಾನ. 1760ರಲ್ಲಿ ಹೈದರಾಲಿ ಶುರು ಮಾಡಿದ; ಟಿಪ್ಪು ಹೊರದೇಶಗಳಿಂದ ಬೀಜ, ಸಸಿ ತರಿಸಿ ಬೆಳೆಸಿದ; ಈಗ 240 ಎಕರೆ, ಸಾವಿರಕ್ಕೂ ಹೆಚ್ಚು ಬಗೆಯ ಗಿಡಮರ. ಆದ್ದರಿಂದ ಅಲ್ಲಿಗೆ ಹೋಗುವವರು ಗಿಡಮರ ನೋಡಲೆಂದೇ ಹೋಗುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಸಂಜೆ ಮನೆಗೆ ಮರಳಿದ ಯಾವ ಕುಟುಂಬವನ್ನಾದರೂ ‘ಏನೇನ್ ನೋಡಿದ್ರಿ?’ ಎಂದು ವಿಚಾರಿಸಿ. ‘ಅಯ್ಯೋ, ಏನ್ ಜನ ಅಂತೀರಿ!’ ಎಂಬ ಒಂದೇ ಉತ್ತರ ಬರುತ್ತದೆ. ಪ್ರತ್ಯಕ್ಷ ಪ್ರಮಾಣದ ಮುಂದೆ ಪೂರ್ವಪಕ್ಷ ಅಲ್ಲಿಗೇ ಬಿತ್ತು.

ಹಾಗಾದರೆ ಲಾಲ್‌ಬಾಗಿಗೆ ಹೋಗುವ ಕುಟುಂಬದ ಲಕ್ಷಣವೇನು? ‘ಗಿಡ ನೋಡಲು ಮನೆ ಬಿಟ್ಟ ಗುಂಪು’ ಎಂದರೆ ಅಸಂಭವ ದೋಷ. ಅಂಥದ್ದು ಲೋಕದಲ್ಲೇ ಇಲ್ಲ. ‘ತಿಂಡಿ ಡಬ್ಬಿ ಹೊತ್ತು ಹೊರಟ ಗುಂಪು’ ಎಂದರೆ ಅತಿವ್ಯಾಪ್ತಿ. ಧರ್ಮಸ್ಥಳದ ಬಸ್ಸಿನಲ್ಲಿ ಕೂತವರಿಗೂ ಅದು ತಗಲುತ್ತದೆ. ‘ಒಂಬತ್ತಕ್ಕೆ ಹೊರಡೋಣ ಎಂದು ಹನ್ನೊಂದೂವರೆಗೆ ಹೊರಟ ಗುಂಪು’ ಎಂದರೆ ಕನ್ನಡನಾಡಿನ ಸಮಸ್ತ ಪ್ರಜೆಗಳೂ ಒಳಗೆ ಬಂದುಬಿಡುತ್ತಾರೆ. ನಿರ್ದುಷ್ಟವಾದ ಲಕ್ಷಣ ಇದು: ಹಿಂದಿನ ರಾತ್ರಿಯೇ ಪುಳಿಯೋಗರೆ ಗೊಜ್ಜು ಕಾಯಿಸಿಟ್ಟು, ಬೆಳಗ್ಗೆ ಅನ್ನ ಕಲಸಿ, ಸಕಲ ಸಸ್ಯಸಂಪತ್ತನ್ನೂ ‘ಇಲ್ಲಿ ನೆರಳಿದೆಯೇ, ಇರುವೆ ಇದೆಯೇ’ ಎಂಬ ಎರಡೇ ಪ್ರಶ್ನೆಗಳಿಂದ ಪರೀಕ್ಷಿಸುವ ಗುಂಪು. ಲಿನ್ನೇಯಸ್ ಗಿಡಗಳನ್ನು ಹೂವಿನ ಕೇಸರ ಎಣಿಸಿ ವಿಂಗಡಿಸಿದ. ನಮ್ಮ ಅತ್ತೆಯಂದಿರು ಕೂರಲು ಬರುತ್ತದೆ, ಕೂರಲು ಬರುವುದಿಲ್ಲ ಎಂದು ವಿಂಗಡಿಸುತ್ತಾರೆ. ಬಳಕೆಗೆ ಯಾವುದು ಸುಲಭವೆಂದು ಬೇರೆ ಹೇಳಬೇಕಿಲ್ಲ.

ಈಗ ದ್ವಾರಪ್ರಕರಣ. ಇದು ಶಾಸ್ತ್ರದ ತಿರುಳು, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೋಗೋಣ. ಲಾಲ್‌ಬಾಗಿಗೆ ನಾಲ್ಕು ಗೇಟು. ಮೆಟ್ರೊ ಇಳಿದವರಿಗೆ ಪಶ್ಚಿಮ ದ್ವಾರ ಹತ್ತಿರ. ಡಬಲ್ ರೋಡ್ ಕಡೆಯಿಂದ ಬಂದವರಿಗೆ ಮುಖ್ಯ ದ್ವಾರ. ಎರಡು ಗುಂಪಾಗಿ ಹೊರಟ ಕುಟುಂಬ ಒಂದೇ ಗೇಟಿಗೆ ಬಂದು ಸೇರಿದ ನಿದರ್ಶನ ಈ ಲೇಖಕನ ಕಿವಿಗೆ ಬಿದ್ದಿಲ್ಲ. ಆಗ ಫೋನಿನಲ್ಲಿ ನಡೆಯುವ ಸಂವಾದವನ್ನು ಶಬ್ದಪ್ರಮಾಣದ ಅಧ್ಯಯನಕ್ಕಾಗಿ ಪೂರ್ತಿಯಾಗಿ ಕೊಡಲಾಗಿದೆ:

‘ಎಲ್ಲಿದೀರಾ ಚಿಕ್ಕಪ್ಪ?’

‘ಗೇಟ್ ಹತ್ರಾನೇ ಇದೀವಲ್ಲಪ್ಪ.’

‘ನಾವೂ ಗೇಟ್ ಹತ್ರಾನೇ ಇದೀವಿ.’

‘ಮತ್ತೆ ಕಾಣಿಸ್ತಾನೇ ಇಲ್ಲ?’

‘ನಿಮ್ಮೆದುರಿಗೆ ಏನಿದೆ ಹೇಳಿ.’

‘ಮರ ಇದೆ.’

‘ಯಾವ ಮರ?’

‘ದೊಡ್ಡ ಮರ ಕಣೋ.’

ಇಬ್ಬರೂ ಆಪ್ತರು, ಇಬ್ಬರದೂ ಸತ್ಯವಾಕ್ಯ. ಆದರೂ ಜ್ಞಾನ ಹುಟ್ಟಲಿಲ್ಲ. ಮೀಮಾಂಸಕರು ಈ ಸಂಕಟಕ್ಕೆ ಪರಿಹಾರ ಹೇಳಿದಂತೆ ಕಾಣುವುದಿಲ್ಲ. ಇಡೀ ದಿನದಲ್ಲಿ ಸಸ್ಯಶಾಸ್ತ್ರ ಕುಟುಂಬದ ಉಪಯೋಗಕ್ಕೆ ಬರಬಹುದಾದ ಗಳಿಗೆ ಇದೊಂದೇ. ಚಿಕ್ಕಪ್ಪ ‘ಬೂರುಗದ ಮರದ ಹತ್ತಿರ’ ಎಂದೋ ‘ನಾಗಲಿಂಗದ ಮರದ ಕೆಳಗೆ’ ಎಂದೋ ಹೇಳಿದ್ದರೆ ಮುಕ್ಕಾಲು ಗಂಟೆ ಉಳಿಯುತ್ತಿತ್ತು, ಪುಳಿಯೋಗರೆಯೂ ಬೆಚ್ಚಗಿರುತ್ತಿತ್ತು. ಸಸ್ಯೋದ್ಯಾನದ ಪ್ರಯೋಜನ ಚಿಕ್ಕಪ್ಪನನ್ನು ಹುಡುಕುವುದು ಎಂಬ ನಮ್ಮ ಸಿದ್ಧಾಂತ ಇಲ್ಲಿಂದ ಹೊರಟದ್ದು.

ನಾಗಲಿಂಗದ ಮಾತು ಬಂತು. ದೊಡ್ಡಪ್ಪ ರಿಟೈರ್ ಆದವರು, ಕಂಡ ಫಲಕವನ್ನೆಲ್ಲ ಗಟ್ಟಿಯಾಗಿ ಓದುವವರು. ‘ಕೌರೂಪಿಟ ಗಯನೆನ್ಸಿಸ್, ದಕ್ಷಿಣ ಅಮೆರಿಕದ್ದು’ ಎಂದು ಘೋಷಿಸಿ ಮುಂದಿನ ಫಲಕಕ್ಕೆ ಹೋದರು. ಫಲಕ ಓದುವವರು ಮರ ನೋಡುವುದಿಲ್ಲ ಎಂಬುದು ಈ ಶಾಸ್ತ್ರದ ಖಚಿತ ನಿಯಮ. ಅಜ್ಜಿ ಫಲಕ ನೋಡಲಿಲ್ಲ. ಬಗ್ಗಿ ಕೆಳಗೆ ಬಿದ್ದಿದ್ದ ಹೂವೊಂದನ್ನು ಎತ್ತಿಕೊಂಡರು. ಆರು ದಪ್ಪ ಎಸಳು, ಕೆಂಪುಗುಲಾಬಿ ಬಣ್ಣ. ಕೇಸರಗಳೆಲ್ಲ ಒಂದು ಪಟ್ಟಿಯಾಗಿ ಮೇಲಿಂದ ಬಾಗಿ ನಡುವಿನ ಪುಟ್ಟ ಗುಂಡಿಗೆ ಹೆಡೆ ಹಿಡಿದಿವೆ. ಈ ಹೂವು ಕೊಂಬೆಯ ತುದಿಯಲ್ಲಿ ಬಿಡುವುದಿಲ್ಲ, ಕಾಂಡದಿಂದಲೇ ಹೊರಟ ಹಗ್ಗದಂಥ ಕವಲುಗಳಲ್ಲಿ ಜೋತಾಡುತ್ತದೆ. ಪಕ್ಕದಲ್ಲೇ ತೋಪಿನ ಗುಂಡಿನ ಗಾತ್ರದ ಕಾಯಿ. ಹಣ್ಣಾಗಿ ಬಿದ್ದು ಒಡೆದರೆ ಮೂಗು ಮುಚ್ಚಿಕೊಳ್ಳಬೇಕು. ಅಜ್ಜಿ ಹೂವನ್ನು ಸೆರಗಿನಲ್ಲಿ ಒರೆಸಿ ತಿಂಡಿ ಚೀಲದಲ್ಲಿಟ್ಟರು. ಮಧ್ಯಾಹ್ನದ ಮೊಸರನ್ನಕ್ಕೆ ಅದರ ಪರಿಮಳ ಹತ್ತಿತ್ತು. ಈ ಸಂಯೋಗದ ಬಗ್ಗೆ ಪ್ರತ್ಯೇಕ ಸಂಪ್ರಬಂಧ ಬರಬೇಕು.

ನ್ಯಾಯಶಾಸ್ತ್ರದವರು ಸಂಶಯಕ್ಕೆ ಕೊಡುವ ಉದಾಹರಣೆ ಎಲ್ಲರಿಗೂ ಗೊತ್ತು: ಮಬ್ಬಿನಲ್ಲಿ ಕಂಡದ್ದು ಮೋಟುಮರವೋ ಮನುಷ್ಯನೋ? ಲಾಲ್‌ಬಾಗಿನಲ್ಲಿ ಸಂಶಯಕ್ಕೆ ಮಬ್ಬು ಬೇಕಿಲ್ಲ. ತಮಿಳುನಾಡಿನ ತಿರುವಕ್ಕರೈಯಿಂದ ತಂದಿಟ್ಟ ಸುಮಾರು 2 ಕೋಟಿ ವರ್ಷದ ಮರದ ಪಳೆಯುಳಿಕೆಯ ಮುಂದೆ ನಿಂತು ಅತ್ತೆ ‘ಇದು ಮರ’ ಎಂದರು, ಮಾವ ‘ಕಲ್ಲು ಕಣೇ’ ಎಂದರು. ಇಬ್ಬರದೂ ಸರಿ. ದಾಂಪತ್ಯದಲ್ಲಿ ಇಬ್ಬರದೂ ಸರಿಯಾದ ಏಕೈಕ ಜಗಳವೆಂದು ಇದನ್ನು ನಮೂದಿಸಬಹುದು.

ಲಾಲ್‌ಬಾಗಿನೊಳಗಿನ ಬಂಡೆಯ ಪ್ರಕರಣವನ್ನು ಬೇಗ ಮುಗಿಸುತ್ತೇನೆ. ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ನೆತ್ತಿಯ ಮೇಲೆ ಕೆಂಪೇಗೌಡ ಗೋಪುರ. ಮಕ್ಕಳಿಗೆ ಅದು ಜಾರುಬಂಡೆ. ಹೊಸ ಪ್ಯಾಂಟಿನ ಹಿಂಭಾಗ ಅಲ್ಲೇ ಸವೆಯುತ್ತದೆ. 300 ಕೋಟಿ ವರ್ಷದಲ್ಲಿ ಬಂಡೆಗೆ ಏನೂ ಆಗಿಲ್ಲ.

ಆಹಾರಪ್ರಕರಣಕ್ಕೆ ಮಾತ್ರ ಒಬ್ಬ ಆಚಾರ್ಯರ ಆಧಾರವಿದೆ. ಜರ್ಮನಿಯ ಕ್ರುಂಬಿಗಲ್ ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸ ಮಾಡಿ, ಬರೋಡಾಕ್ಕೆ ಬಂದು, 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತವರು. ಒಂದು ಮರದ ಹೂವು ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕು, ಬೆಂಗಳೂರಿನ ಬೀದಿಯಲ್ಲಿ ವರ್ಷವಿಡೀ ಬಣ್ಣವಿರಬೇಕು ಎಂದು ಲೆಕ್ಕ ಹಾಕಿ ಮರ ನೆಡಿಸಿದ ಕೀರ್ತಿ ಅವರದು. ಈ ತತ್ತ್ವವನ್ನು ನಮ್ಮ ಕುಟುಂಬಗಳು ಗುರುವಿನ ಹೆಸರೂ ತಿಳಿಯದೆ ಪಾಲಿಸುತ್ತಿವೆ. ಗೇಟಿನಲ್ಲಿ ಕಡ್ಲೆಕಾಯಿ; ಅದರ ಸಿಪ್ಪೆ ಉದುರುವಷ್ಟರಲ್ಲಿ ಉಪ್ಪುಖಾರ ಸವರಿದ ಮಾವಿನಕಾಯಿ; ಅದು ಮುಗಿಯುವ ಮೊದಲೇ ಪುಳಿಯೋಗರೆ, ಮೊಸರನ್ನ; ಬಾಯಿ ಒರೆಸಿಕೊಳ್ಳುತ್ತಿದ್ದಂತೆ ಚುರುಮುರಿ; ಹೊರಗೆ ಬಂದ ಮೇಲೆ ‘ಒಂದೊಂದು ಕಾಫಿ’. ಎರಡು ತಿನಿಸುಗಳ ನಡುವೆ ಎಲ್ಲೂ ಬರಡು ಕಾಲ ಬರಕೂಡದು. ಕ್ರುಂಬಿಗಲ್ ಕಂಡಿದ್ದರೆ ಒಪ್ಪಿ ತಲೆದೂಗುತ್ತಿದ್ದರು.

ಗಾಜಿನ ಮನೆಯನ್ನು ಬಿಟ್ಟರೆ ಗ್ರಂಥ ಅಪೂರ್ಣವಾಗುತ್ತದೆ. 1889ರ ನವೆಂಬರ್ 30ರಂದು ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ್ದು. ಆಗಸ್ಟ್, ಜನವರಿಯ ಫಲಪುಷ್ಪ ಪ್ರದರ್ಶನದಲ್ಲಿ ಒಳಗೆ ಲಕ್ಷಗಟ್ಟಲೆ ಹೂವಿನಲ್ಲಿ ಏನಾದರೊಂದು ಆಕೃತಿ ಕಟ್ಟಿರುತ್ತಾರೆ. ಕುಟುಂಬಗಳು ಆ ಹೂವಿಗೆ ಬೆನ್ನು ಹಾಕಿ ನಿಲ್ಲುತ್ತವೆ. ಫೋಟೊದಲ್ಲಿ ಹೂ ಬರಬೇಕಾದರೆ ಹೂ ನೋಡಬಾರದು. ಇದು ದೃಗ್ವಿಜ್ಞಾನದ ವಿಧಿ, ಕುಟುಂಬದ ತಪ್ಪಲ್ಲ. ‘ಸೌಂದರ್ಯದ ಕಡೆ ಬೆನ್ನು ತಿರುಗಿಸುವುದು ಅರಸಿಕತನವಲ್ಲವೇ?’ ಎಂದು ಆಕ್ಷೇಪಿಸುವವರು ಜನರ ನೂಕುನುಗ್ಗಲಿನಲ್ಲಿ ತಾವೇ ಒಮ್ಮೆ ಹೂವಿಗೆ ಮುಖ ಮಾಡಿ ನಿಂತು ನೋಡಲಿ. ‘ಮುಂದೆ ಹೋಗಿ ಸಾರ್, ಮುಂದೆ ಹೋಗಿ’ ಎಂಬ ಉಪದೇಶ ತಕ್ಷಣ ದೊರೆಯುತ್ತದೆ.

ಇಷ್ಟು ಹೇಳಿ, ಮುಂದಿನ ಭಾನುವಾರ ಹೊರಡುವ ಓದುಗರಿಗೆ ಈ ಶಾಸ್ತ್ರಕಾರನ ವಿಧಿವಾಕ್ಯ: ಯಾವ ಗೇಟು ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿಕೊಳ್ಳಿ. ಪ್ಲಾಸ್ಟಿಕ್ಕಿಗೆ ಒಳಗೆ ಪ್ರವೇಶವಿಲ್ಲ, ಸ್ಟೀಲ್ ಡಬ್ಬಿ ಇರಲಿ. ಮತ್ತು ಚಿಕ್ಕಪ್ಪನಿಗೆ ಒಂದೇ ಒಂದು ಮರದ ಹೆಸರಾದರೂ ಕಲಿಸಿಕೊಟ್ಟು ಕರೆದುಕೊಂಡು ಹೋಗಿ.