ಸಾರಿಗೆ ಬಿದ್ದ ಸೋಪು

ನಾಲ್ಕು ವರ್ಷದ ನನ್ನ ಮೊಮ್ಮಗಳಿಗೆ ಕೈತೊಳೆಯುವುದೆಂದರೆ ನಲ್ಲಿಗೆ ಬೆರಳು ತೋರಿಸಿ ಬರುವುದು. ಒದ್ದೆಯಾಗುವುದು ಕೈಗಿಂತ ಲಂಗವೇ ಹೆಚ್ಚು. "ಕ್ರಿಮಿ ಇರುತ್ತೆ ಪುಟ್ಟಿ" ಎಂದರೆ, "ಎಲ್ಲಿ, ತೋರ್ಸು ತಾತ" ಎಂದು ಅಂಗೈ ಚಾಚುತ್ತಾಳೆ. ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬ್ಯಾಕ್ಟೀರಿಯಾ ಬರೆದ ವಿಜ್ಞಾನ ಮೇಷ್ಟರಿಗೆ, ಬೇಕಾದಾಗ ತೋರಿಸಲು ಒಂದೂ ಸಿಗಲಿಲ್ಲ!

ಕೊನೆಗೆ ತಟ್ಟೆಗೆ ನೀರು ಹೊಯ್ದು, ಮೇಲೆ ಕರಿಮೆಣಸಿನ ಪುಡಿ ಉದುರಿಸಿದೆ. "ನೋಡು, ಇವೇ ಕ್ರಿಮಿಗಳು." ಬರಿಬೆರಳು ಅದ್ದಿದಳು, ಪುಡಿ ಬೆರಳಿಗೇ ಮೆತ್ತಿತು. ಸೋಪು ಸವರಿಕೊಂಡು ಅದ್ದಿದಳು. ಪುಡಿಯೆಲ್ಲ ಸರ್ರನೆ ತಟ್ಟೆಯ ಅಂಚಿಗೆ ಓಡಿತು! ಸೋಪು ನೀರಿನ ಮೇಲ್ಮೈ ಎಳೆತವನ್ನು ಸಡಿಲಿಸುತ್ತದೆ, ಅಷ್ಟೇ. ನಿಜವಾದ ಕ್ರಿಮಿಗಳು ಹೀಗೆ ಹೆದರಿ ಓಡುವುದಿಲ್ಲ, 20 ಸೆಕೆಂಡಾದರೂ ಸೋಪು ಹಚ್ಚಿ ಉಜ್ಜಿ ತೊಳೆಯಬೇಕು. ಆದರೆ ಈ ತಿದ್ದುಪಡಿಯನ್ನು ನುಂಗಿಕೊಂಡೆ. ಪುಟ್ಟಿ ತಟ್ಟಿದಂಥ ಚಪ್ಪಾಳೆ ನನಗೆ ಕ್ಲಾಸಿನಲ್ಲೂ ಸಿಕ್ಕಿರಲಿಲ್ಲ ನೋಡಿ.

ಮಧ್ಯಾಹ್ನ ನನ್ನವಳು ಮೆಣಸಿನ ಸಾರು ಮಾಡಿ ಆರಲು ಇಟ್ಟಿದ್ದಳು. ಪುಟ್ಟಿ ಇಣುಕಿದಳು. "ಅಜ್ಜೀ, ಸಾರಿನ ತುಂಬಾ ಕ್ರಿಮಿ!" ನಾವು ಓಡಿ ಬರುವಷ್ಟರಲ್ಲಿ ಐದೂ ಬೆರಳಿಗೆ ನೊರೆ ಮೆತ್ತಿಕೊಂಡು, ಮೊಣಕೈವರೆಗೆ ತಪ್ಪಲೆಯೊಳಗೆ ಇಳಿಸಿಯಾಗಿತ್ತು.

"ತಾತ, ಇವು ಓಡ್ತಾನೇ ಇಲ್ಲ!"

ನನ್ನವಳು ನನ್ನತ್ತ ನೋಡಿದ ನೋಟಕ್ಕೆ ಅಸಲಿ ಕ್ರಿಮಿಗಳೂ ಓಡುತ್ತಿದ್ದವು. ಅಂದು ಮನೆಮಂದಿಯೆಲ್ಲ ಮೊಸರನ್ನ ಉಂಡೆವು. ತಪ್ಪಲೆ ಬೆಳಗಿದವನು ನಾನು.